ಅಪ್ರೆಸಿವ್: ಬಿಸಿಲಿಗೂ ಕಾಯ್ದೆಗೂ ಒಂದೇ ಶಬ್ದ

"ಕಾಕಾ, ಬಿಸಿಲಿಗೂ ಅದ ಶಬ್ದ, ಕಾಯ್ದೆಗೂ ಅದ ಶಬ್ದ. ಹೆಂಗ?"

ವಿಜಯಪುರದಲ್ಲಿ ಪಿಯುಸಿ ಓದುವ ಅಣ್ಣನ ಮಗಳು ಮೊನ್ನೆ ಇಂಗ್ಲಿಷ್ ಪುಸ್ತಕ ಹಿಡಿದು ಬಂದು ಕೇಳಿದಳು. ಶಬ್ದ 'ಅಪ್ರೆಸಿವ್'. ಅವಳು ಬರೆದುಕೊಂಡಿದ್ದ ಅರ್ಥ 'ದಬ್ಬಾಳಿಕೆಯ'. ಬಿಸಿಲು ಯಾರ ಮೇಲಾದರೂ ದಬ್ಬಾಳಿಕೆ ಮಾಡುತ್ತದಾ? ಅವಳ ಅನುಮಾನ ಸರಿಯಾಗೇ ಇತ್ತು.

ಈ ಶಬ್ದದ ಬೇರು ಲ್ಯಾಟಿನ್ ಭಾಷೆಯ 'ಪ್ರೆಮೆರೆ'. ಹಾಗಂದ್ರೆ ಒತ್ತು, ಅದುಮು. ಅದರ ಮುಂದೆ 'ಒಬ್' ಸೇರಿ, ಮೇಲೆ ಬಿದ್ದು ಅದುಮು ಎಂಬ ಅರ್ಥ ಬಂತು. 14ನೇ ಶತಮಾನದಲ್ಲಿ ಫ್ರೆಂಚ್ ದಾಟಿ ಕ್ರಿಯಾಪದವಾಗಿ ಇಂಗ್ಲಿಷಿಗೆ ಬಂತು. ಗುಣವಾಚಕ ಹುಟ್ಟಿದ್ದು ಆಮೇಲೆ. ಪ್ರಿಂಟಿಂಗ್ ಪ್ರೆಸ್, ಕುಕ್ಕರಿನ ಪ್ರೆಶರ್, ಮನಸ್ಸಿನ ಡಿಪ್ರೆಶನ್ ಎಲ್ಲ ಇದೇ ಬಳ್ಳಿಯ ಕಾಯಿಗಳು.

ಎಪಿಎಂಸಿಯಲ್ಲಿ ಜೋಳದ ಚೀಲ ಹೊತ್ತ ಹಮಾಲರನ್ನು ನೆನೆಸಿಕೊಳ್ಳಿ. ಚೀಲಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಆದರೂ ಬೆನ್ನು ಬಾಗುತ್ತದೆ. 'ದಬ್ಬಾಳಿಕೆ' ಅಂದ ಕೂಡಲೇ ನಮ್ಮ ಕಣ್ಣು ದಬ್ಬುವವನ ಕಡೆ ಹೋಗುತ್ತದೆ. ಅಪ್ರೆಸಿವ್ ಮಾತ್ರ ಬಾಗಿದ ಬೆನ್ನಿನ ಕಡೆಯಿಂದ ಮಾತಾಡುತ್ತದೆ. ಅದಕ್ಕೇ ಅದು ಬಿಸಿಲಿಗೂ ಒಗ್ಗುತ್ತದೆ. ಮೇ ತಿಂಗಳಲ್ಲಿ ಮಳೆಗೆ ಮುಂಚೆ ಮೋಡ ಕವಿದು ಗಾಳಿ ನಿಂತುಬಿಡುತ್ತದಲ್ಲ, ಫ್ಯಾನ್ ತಿರುಗಿದರೂ ಬೆವರು ಆರೋದಿಲ್ಲ. 'ಭಾಳ ಕುದಿ' ಅನ್ನುತ್ತೇವೆ. ಅಪ್ರೆಸಿವ್ ಹೀಟ್ ಅಂದ್ರೆ ಅದೇ.

ಕಾಯ್ದೆಗೆ ಉದಾಹರಣೆ ಬೇಕಾದರೆ ದೂರ ಹೋಗಬೇಕಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ಹಲಗಲಿ ಇದೆ. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿ, ಇಟ್ಟುಕೊಳ್ಳಲು ಪರವಾನಗಿ ಪಡೆಯಿರಿ ಎಂದು ಕಾಯ್ದೆ ತಂದರು. ಕಾಗದದ ಮೇಲೆ ಅದು ಎಲ್ಲರಿಗೂ ಒಂದೇ. ಆದರೆ ಹಲಗಲಿಯ ಬೇಡರಿಗೆ ಹತಾರವೇ ಬದುಕು, ಅದೇ ಮರ್ಯಾದೆ. ಅವರು ಕೊಡಲಿಲ್ಲ. ದಂಡು ಬಂತು, ಊರು ಸುಟ್ಟಿತು, ಮುಂದಾಳುಗಳನ್ನು ಗಲ್ಲಿಗೇರಿಸಿದರು. ಆ ನೋವು ಲಾವಣಿಯಾಗಿ ಇನ್ನೂ ಉಳಿದಿದೆ. ಅಪ್ರೆಸಿವ್ ಲಾ ಎಂಬುದನ್ನು ನನಗೆ ಇದಕ್ಕಿಂತ ಚೆನ್ನಾಗಿ ತಿಳಿಸಿಕೊಡುವ ಕತೆ ಬೇರೆ ಇಲ್ಲ.

ಒಂದು ಸಲ ಹೊಡೆದರೆ ಅದು ಕ್ರೌರ್ಯ. ಭಾರ ಮೇಲೆ ಕೂತು ಏಳದೇ ಇದ್ದರೆ ಅಪ್ರೆಸಿವ್. ಜಗಳವಾದ ಮನೆಯಲ್ಲಿ ನಾಲ್ಕು ದಿನ ಯಾರೂ ಮಾತಾಡದಿದ್ದರೆ, ಆ ಮೌನಕ್ಕೂ ಈ ಶಬ್ದ ಸಲ್ಲುತ್ತದೆ.

ಕನ್ನಡಕ್ಕೆ ತರುವಾಗ ಎಲ್ಲ ಕಡೆ ಒಂದೇ ಪದ ಸುಮ್ನೆ ಅಂಟಿಸಬೇಡಿ. ಪತ್ರಿಕೆಗಳು ಕಾಯ್ದೆಗೆ 'ದಮನಕಾರಿ' ಎನ್ನುತ್ತವೆ. ನನಗೆ 'ಜನರನ್ನು ಹಿಂಡುವ ಕಾಯ್ದೆ' ಜಾಸ್ತಿ ಇಷ್ಟ. ಮೌನಕ್ಕೆ 'ಉಸಿರುಗಟ್ಟಿಸುವ' ಸಾಕು. ಅಪ್ರೆಸ್ಡ್ ಜನರಿಗೆ 'ತುಳಿತಕ್ಕೊಳಗಾದವರು' ಇದ್ದೇ ಇದೆ, ಗಟ್ಟಿ ಮಾತು ಅದು.

ಉಚ್ಚಾರದಲ್ಲಿ ಒತ್ತು 'ಪ್ರೆ' ಮೇಲೆ ಬೀಳಬೇಕು. 'ಸಪ್ರೆಸ್' ಜೊತೆ ಕಲಸಿಕೊಳ್ಳಬೇಡಿ. ಮೇಲೇಳುವ ಕೆಮ್ಮನ್ನೋ ಹೊರಬರುವ ಸುದ್ದಿಯನ್ನೋ ಹತ್ತಿಕ್ಕುವುದು ಸಪ್ರೆಸ್.