ಸೀಟಿಗೆ ಮುಂಚಿನ ಓಕರಿಕೆ

ರೆಫರಿ ಸೀಟಿ ಬಾಯಿಗಿಟ್ಟುಕೊಂಡಿದ್ದಾರೆ. ಆರೂವರೆ ಅಡಿ ಎತ್ತರದ ಡಿಫೆಂಡರ್ ಒಬ್ಬರು ಯಾರಿಗೂ ಕಾಣದಂತೆ ಮುಖ ಪಕ್ಕಕ್ಕೆ ತಿರುಗಿಸುತ್ತಾರೆ. ಒಳಗಿನಿಂದ ಓಕರಿಕೆ ಒತ್ತರಿಸಿಕೊಂಡು ಬಂದು ಕಣ್ಣಲ್ಲಿ ನೀರಾಡುತ್ತದೆ. ಹೊರಗೆ ಏನೂ ಬರುವುದಿಲ್ಲ, ಏಕೆಂದರೆ ಹೊಟ್ಟೆಯಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಸೀಟಿ ಊದಿ ಆಗಿರುತ್ತದೆ, ಅವರು ಚೆಂಡಿನ ಹಿಂದೆ ಓಡುತ್ತಿರುತ್ತಾರೆ.

ಇವರು ಫುಟ್‌ಬಾಲ್ ಆಟಗಾರ ಪೆರ್ ಮೆರ್ಟೆಸಾಕರ್. ಜರ್ಮನಿಯ ಪರ 104 ಪಂದ್ಯ, 2014ರ ವಿಶ್ವಕಪ್ ಗೆಲುವು, ಹ್ಯಾನೋವರ್, ಬ್ರೆಮೆನ್, ಲಂಡನ್ನಿನ ಆರ್ಸೆನಲ್ ಕ್ಲಬ್ಬುಗಳು. ನಿವೃತ್ತಿಗೆ ಎರಡು ತಿಂಗಳಿದ್ದಾಗ, 2018ರ ಮಾರ್ಚಿನಲ್ಲಿ, ‘ಡೆರ್ ಷ್ಪೀಗೆಲ್’ ಪತ್ರಿಕೆಯ ಮುಂದೆ ಅವರು ಇದನ್ನೆಲ್ಲ ಬಿಚ್ಚಿಟ್ಟರು. ಪಂದ್ಯದ ದಿನ ಎದ್ದ ಕೂಡಲೇ ಸಂಡಾಸಿಗೆ ಓಟ. ತಿಂಡಿಯಾದ ಮೇಲೆ ಇನ್ನೊಮ್ಮೆ, ಊಟವಾದ ಮೇಲೆ ಮತ್ತೊಮ್ಮೆ, ಕ್ರೀಡಾಂಗಣ ತಲುಪಿದ ಮೇಲೂ ಒಮ್ಮೆ. ತಿನ್ನುವುದು ಎಣ್ಣೆ ಸವರಿದ ಸಪ್ಪೆ ನೂಡಲ್ಸ್, ಅದೂ ಆಟಕ್ಕೆ ಗಂಟೆಗಟ್ಟಲೆ ಮುಂಚೆ.

ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ಕಲಸಿದವರಿಗೆ ಇದು ಹೊಸದಲ್ಲ. ಆದರೆ ಸ್ವಲ್ಪ ಯೋಚಿಸಿದರೆ ಇಲ್ಲೊಂದು ಒಗಟಿದೆ. ಓಕರಿಕೆ ಬರುವವರ ಜಠರ ಸಾಮಾನ್ಯವಾಗಿ ಮಂದವಾಗಿರುತ್ತದೆ, ಒಳಗಿದ್ದದ್ದು ಕೆಳಗಿಳಿಯುವುದಿಲ್ಲ. ಬೇಧಿಯಾಗುವವರ ದೊಡ್ಡ ಕರುಳು ಅತಿ ಅವಸರದಲ್ಲಿರುತ್ತದೆ. ಒಂದೇ ಭಯ ಒಂದೇ ಮೈಯೊಳಗೆ ಮೇಲ್ಗಡೆ ಬ್ರೇಕನ್ನೂ ಕೆಳಗಡೆ ಆಕ್ಸಿಲರೇಟರನ್ನೂ ಹೇಗೆ ಒತ್ತುತ್ತದೆ?

ಉತ್ತರ ಒಂದು ಪುಟ್ಟ ರಾಸಾಯನಿಕದಲ್ಲಿದೆ. ಮನಸ್ಸು ಒತ್ತಡಕ್ಕೆ ಸಿಕ್ಕಾಗ ಮೆದುಳಿನ ಹೈಪೋಥಲಾಮಸ್ ಭಾಗ ಸಿಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸೋಲ್ ಹೊರಡಿಸುವುದು ಇದರ ಹೆಸರುವಾಸಿ ಕೆಲಸ. ಜೊತೆಗೆ ಹೊಟ್ಟೆಯ ಮೇಲೂ ಇದರ ಆಡಳಿತ ನಡೆಯುತ್ತದೆ. ಸಿಆರ್‌ಎಚ್ ಮತ್ತು ಅದರ ದಾಯಾದಿ ರಾಸಾಯನಿಕಗಳು ಬಂದು ಕೂರುವ ಗ್ರಾಹಕಗಳಲ್ಲಿ ಎರಡು ಬಗೆ: ಒಂದು ಬಗೆ ಜಠರವನ್ನು ನಿಧಾನಿಸುತ್ತದೆ, ಇನ್ನೊಂದು ದೊಡ್ಡ ಕರುಳನ್ನು ಓಡಿಸುತ್ತದೆ. ಇಲಿಗಳ ಮೆದುಳಿಗೆ ಸಿಆರ್‌ಎಚ್ ಚುಚ್ಚಿ ನೋಡಿದ್ದಾರೆ: ಜಠರ ಖಾಲಿಯಾಗುವುದು ತಡವಾಗುತ್ತದೆ, ಹಿಕ್ಕೆ ಮಾತ್ರ ಹೆಚ್ಚು ಬೀಳುತ್ತದೆ. ಇದೇ ಹೊತ್ತಿಗೆ ಅಡ್ರಿನಲಿನ್ ಹೊಟ್ಟೆಯ ಕಡೆಯ ರಕ್ತವನ್ನು ಕೈಕಾಲಿನ ಸ್ನಾಯುಗಳಿಗೆ ತಿರುಗಿಸುತ್ತದೆ. ಓಡಬೇಕಾದ, ಹೊಡೆದಾಡಬೇಕಾದ ಪ್ರಾಣಿಗೆ ಅರಗಿಸುವ ಕೆಲಸ ಆಮೇಲಾದರೂ ನಡೆಯುತ್ತದೆ.

ಹೊಟ್ಟೆಯ ಸುದ್ದಿಯನ್ನು ಮೆದುಳಿಗೆ ಒಯ್ಯುವುದು ವೇಗಸ್ ನರ. ಅದರ ಎಳೆಗಳಲ್ಲಿ ಬಹುಪಾಲು ಕೆಳಗಿನಿಂದ ಮೇಲಕ್ಕೆ ವರದಿ ಸಾಗಿಸುವಂಥವು. ವರದಿ ಮುಟ್ಟುವುದು ಮೆದುಳಿನ ಬುಡಕ್ಕೆ. ವಾಂತಿಯ ಸೂತ್ರ ಇರುವುದೂ ಅಲ್ಲೇ. ಅಲ್ಲಿಂದ ಅಪ್ಪಣೆಯಾದರೆ ವಪೆಯೂ ಹೊಟ್ಟೆಯ ಸ್ನಾಯುಗಳೂ ಒಟ್ಟಿಗೆ ಹಿಂಡುತ್ತವೆ. ಹೊಟ್ಟೆಕಿಚ್ಚು, ಹೊಟ್ಟೆಯುರಿ, ಕರುಳು ಚುರುಕ್ ಅನ್ನುವುದು ಎಂದೆಲ್ಲ ಭಾವನೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುವ ಕನ್ನಡಿಗರಿಗೆ ಇದನ್ನು ಒಪ್ಪುವುದು ಕಷ್ಟವಾಗಬಾರದು.

ಅನುಭವ ಹೆಚ್ಚಿದಂತೆ ಇದು ಕಡಿಮೆಯಾಗಬೇಕಿತ್ತಲ್ಲವೇ? ಎಷ್ಟೋ ಜನರಿಗೆ ಆಗುತ್ತದೆ. ಆದರೆ ಮೈಗೂ ಕಲಿಕೆಯಿದೆ, ಅದು ಬೇಡದ್ದನ್ನೂ ಕಲಿಯುತ್ತದೆ. ಕಿಮೊಥೆರಪಿ ಪಡೆಯುವ ಕೆಲವರಿಗೆ ಮೂರ್ನಾಲ್ಕು ಸರದಿಯಾದ ಮೇಲೆ ಔಷಧಿ ಏರಿಸುವ ಮೊದಲೇ, ಆಸ್ಪತ್ರೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ಊಟದ ಗಂಟೆ ಕೇಳಿದೊಡನೆ ವಿಜ್ಞಾನಿ ಪಾವ್ಲೋವ್ ಅವರ ನಾಯಿಗೆ ಜೊಲ್ಲು ಸುರಿದ ದಾರಿಯೇ ಇದು. ತಂಡದ ಬಸ್ಸು, ಹುಲ್ಲಿನ ವಾಸನೆ, ಪ್ರೇಕ್ಷಕರ ಗದ್ದಲ ಮೆರ್ಟೆಸಾಕರ್‌ಗೂ ಇಂಥ ಗಂಟೆಯ ಸದ್ದೇ ಆಗಿದ್ದೀತು ಎಂಬುದು ನನ್ನ ಊಹೆ.

2006ರ ವಿಶ್ವಕಪ್ ಜರ್ಮನಿಯಲ್ಲೇ ನಡೆದಿತ್ತು. ಡಾರ್ಟ್‌ಮುಂಡ್‌ನ ಸೆಮಿಫೈನಲ್ಲಿನ ಹೆಚ್ಚುವರಿ ಅವಧಿ ಮುಗಿಯುವ ಹೊತ್ತಿಗೆ ಇಟಲಿ ಎರಡು ಗೋಲು ಹೊಡೆಯಿತು. ಇಡೀ ದೇಶ ಅತ್ತಿತು. 21ರ ಮೆರ್ಟೆಸಾಕರ್‌ಗೂ ಬೇಸರವಾಗಿತ್ತು, ಆದರೆ ಅದಕ್ಕಿಂತ ದೊಡ್ಡದಾಗಿ ಕಾಡಿದ್ದು ‘ಸದ್ಯ, ಮುಗಿಯಿತಲ್ಲ’ ಎಂಬ ನಿರಾಳ. ಇದನ್ನು ಹೇಳಿದ್ದಕ್ಕೇ ಜರ್ಮನಿ ತಂಡದ ಹಳೆಯ ನಾಯಕ ಲೋಥಾರ್ ಮಥೇಯಸ್ ಅವರ ಮೇಲೆ ಹರಿಹಾಯ್ದರು. ನನಗೆ ಆ ಕೋಪ ಅರ್ಥವಾಗುವುದಿಲ್ಲ. ಬಾಸ್ಕೆಟ್‌ಬಾಲಿನ ದಿಗ್ಗಜ ಬಿಲ್ ರಸೆಲ್ ದೊಡ್ಡ ಪಂದ್ಯಗಳಿಗೆ ಮುಂಚೆ ವಾಂತಿಯನ್ನೇ ಮಾಡಿಕೊಳ್ಳುತ್ತಿದ್ದರು, ಮತ್ತು 11 ಬಾರಿ ಚಾಂಪಿಯನ್ ತಂಡದಲ್ಲಿದ್ದರು. ಹೊಟ್ಟೆ ಹೆದರಿದ ಮಾತ್ರಕ್ಕೆ ಕಾಲು ಹೆದರಬೇಕೆಂದಿಲ್ಲ.

2014ರಲ್ಲಿ ಅಲ್ಜೀರಿಯಾವನ್ನು ಏದುಸಿರು ಬಿಡುತ್ತ ಸೋಲಿಸಿದ ರಾತ್ರಿ, ಕೆಣಕಿದ ಟೀವಿ ವರದಿಗಾರರಿಗೆ ಮೆರ್ಟೆಸಾಕರ್ ಕೊಟ್ಟ ಉತ್ತರ ಜರ್ಮನಿಯಲ್ಲಿ ಮನೆಮಾತಾಯಿತು: ನಾನಿನ್ನು ಮೂರು ದಿನ ಐಸ್ ತೊಟ್ಟಿಯಲ್ಲಿ ಬಿದ್ದಿರುತ್ತೇನೆ. ಎಲ್ಲರೂ ನಕ್ಕರು. ಸ್ನಾಯು ದಣಿದಿದೆ ಎಂದು ಕ್ಯಾಮೆರಾ ಮುಂದೆ ಹೇಳಬಹುದಿತ್ತು. ಓಕರಿಕೆಯ ಮಾತಿಗೆ ಇನ್ನೂ ನಾಲ್ಕು ವರ್ಷ ಬೇಕಾಯಿತು. ಹ್ಯಾನೋವರ್‌ನಲ್ಲಿ ಜೊತೆಗೆ ಆಡಿದ್ದ ಗೋಲ್‌ಕೀಪರ್ ರಾಬರ್ಟ್ ಎಂಕೆ ಖಿನ್ನತೆಯಿಂದ ನರಳಿ 2009ರಲ್ಲಿ ಪ್ರಾಣ ಕಳೆದುಕೊಂಡ ಮೇಲೂ ಆ ಆಟದಲ್ಲಿ ಒಪ್ಪಿತವಾದ ರಜೆಯೆಂದರೆ ಗಾಯವೊಂದೇ.

ಮೊಣಕಾಲಿನ ಪೆಟ್ಟು ಅವರಿಗೆ ಅಂಥದ್ದೊಂದು ದೀರ್ಘ ರಜೆ ಕೊಟ್ಟಿತು. ಅದಾದ ಮೇಲೆ, ಇಡೀ ಋತುವಿನಲ್ಲಿ ಒಮ್ಮೆಯೂ ಮೊದಲ ಹನ್ನೊಂದರಲ್ಲಿ ಇರದಿದ್ದವರು 2017ರ ಮೇ 27ರಂದು ಎಫ್‌ಎ ಕಪ್ ಫೈನಲ್‌ಗೆ ಇಳಿದು ಚೆಲ್ಸಿಯನ್ನು ತಡೆದು ನಿಂತರು. ಆರ್ಸೆನಲ್ 2-1ರಿಂದ ಗೆದ್ದಿತು. ಕೊನೆಯ ವರ್ಷ ಅವರಿಗೆ ಇದ್ದ ಆಸೆ ಬೆಂಚಿನ ಮೇಲೆ, ಸಾಧ್ಯವಾದರೆ ಗ್ಯಾಲರಿಯಲ್ಲೇ ಕೂರಬೇಕೆಂಬುದು. 33ಕ್ಕೆ ಬೂಟು ಬಿಚ್ಚಿಟ್ಟು ಅದೇ ಕ್ಲಬ್ಬಿನ ಅಕಾಡೆಮಿಯ ಮುಖ್ಯಸ್ಥರಾದ ಮೇಲೆ, ಹುಡುಗರು ಆಡುವಾಗ ಅವರಿಗೆ ಗೆರೆಯ ಆಚೆ ಜಾಗ ಸಿಕ್ಕಿತು.