ಓಡಿದರೆ ಸಾಕಾ? ವೀರ್ಯಾಣುವಿನ ಮೈಮೇಲಿನ ಸಕ್ಕರೆಯ ಕತೆ

ನಮ್ಮ ಕಾಸರಗೋಡಿನ ಕಡೆ ದನ ಸಾಕಿದವರಿಗೆಲ್ಲ ಆ ಲೋಳೆ ಗೊತ್ತು. ದನ ಬೆದೆಗೆ ಬಂದ ದಿನ ಬಾಲದ ಕೆಳಗಿನಿಂದ ಗಾಜಿನ ನೂಲಿನ ಹಾಗೆ ಇಳಿಯುತ್ತದೆ, ತುಂಡಾಗದೆ ಹಟ್ಟಿಯ ನೆಲ ಮುಟ್ಟುತ್ತದೆ. ಅದನ್ನು ಕಂಡ ಕೂಡಲೇ ಅಮ್ಮ "ಡಾಕ್ಟ್ರಿಗೆ ಫೋನ್ ಮಾಡು" ಅನ್ನುತ್ತಾರೆ. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಹೋರಿಯ ಬೀಜದ ಇಂಜೆಕ್ಷನ್. ಕಳೆದ ವರ್ಷ ನಮ್ಮ ಗೌರಿಗೆ ಎರಡು ಸಲ ಮಾಡಿಸಿದರೂ ಗಬ್ಬ ನಿಲ್ಲಲಿಲ್ಲ. ಬೀಜ ಚೆನ್ನಾಗಿ ಓಡುವಂಥದ್ದೇ, ಚೆಕ್ ಮಾಡಿಯೇ ಕಳಿಸಿರುತ್ತಾರೆ ಅಂತ ಬಂದವರು ಹೇಳಿದರು. ಬರೀ ಓಡಿದರೆ ಸಾಕಾ ಅನ್ನುವ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಸಾಕಾಗುವುದಿಲ್ಲ. ಪ್ರತಿ ವೀರ್ಯಾಣುವಿನ ಮೈಮೇಲೆ ಸಕ್ಕರೆ ಸರಗಳ ದಟ್ಟ ಹೊದಿಕೆಯೊಂದು ಇರುತ್ತದೆ. ದಪ್ಪ 20ರಿಂದ 60 ನ್ಯಾನೋಮೀಟರ್ ಅಷ್ಟೇ. ಇದು ಚಹಾಕ್ಕೆ ಹಾಕುವ ಸಕ್ಕರೆಯೂ ಅಲ್ಲ, ವೀರ್ಯದಲ್ಲಿರುವ ಫ್ರಕ್ಟೋಸಿನ ಹಾಗೆ ಓಡಲು ಶಕ್ತಿ ಕೊಡುವಂಥದ್ದೂ ಅಲ್ಲ. ಪ್ರೋಟೀನು ಮತ್ತು ಕೊಬ್ಬಿನ ಕಣಗಳಿಗೆ ಅಂಟಿಕೊಂಡು, ಕೊಂಬೆ ಕೊಂಬೆಯಾಗಿ ಹೊರಗೆ ಚಾಚಿಕೊಂಡಿರುವ ಸಕ್ಕರೆ ಇದು. ಸುತ್ತಲಿನ ಜೀವಕೋಶಗಳು ವೀರ್ಯಾಣುವನ್ನು ಗುರುತಿಸುವುದು ಇದರಿಂದಲೇ.

ಇದು ಗಮನಕ್ಕೆ ಬರಲು ಬಹಳ ಕಾಲ ಹಿಡಿಯಿತು. 1677ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಮೈಕ್ರೋಸ್ಕೋಪಿನಲ್ಲಿ ವೀರ್ಯಾಣು ನೋಡಿದಾಗ ಕಂಡದ್ದು ತಲೆ, ಬಾಲ, ಓಟ. ಆಮೇಲೆ ನೂರಾರು ವರ್ಷ ಎಲ್ಲರೂ ನೋಡಿದ್ದು ಅದನ್ನೇ. ಎಷ್ಟಿವೆ, ಎಷ್ಟು ಓಡುತ್ತವೆ ಅನ್ನುವುದೇ ಅಳತೆ. 1939ರಲ್ಲಿ ಮೈಸೂರಿನ ಅರಮನೆಯ ಡೇರಿಯಲ್ಲಿ ಸಂಪತ್ ಕುಮಾರನ್ ಅವರು ಭಾರತದಲ್ಲೇ ಮೊದಲ ಸಲ ದನಗಳಿಗೆ ಕೃತಕ ಗರ್ಭಧಾರಣೆ ಮಾಡಿದರು. 1949ರಲ್ಲಿ ಇಂಗ್ಲೆಂಡಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಗ್ಲಿಸರಾಲ್ ಹಾಕಿದರೆ ವೀರ್ಯಾಣು ಹೆಪ್ಪುಗಟ್ಟಿದ ಮೇಲೂ ಬದುಕುತ್ತದೆ ಅಂತ ತೋರಿಸಿದರು. ನಮ್ಮ ಊರಿಗೆ ಕ್ಯಾನಿನಲ್ಲಿ, ಮೈನಸ್ 196 ಡಿಗ್ರಿಯ ನೈಟ್ರೋಜನ್ನಿನಲ್ಲಿ ಮುಳುಗಿ ಬರುವ, ವೀರ್ಯ ತುಂಬಿದ ಸ್ಟ್ರಾಗಳ ಮೂಲ ಅದೇ.

ದೊಡ್ಡ ತಿರುವು ಬಂದದ್ದು 1951ರಲ್ಲಿ. ಅಮೆರಿಕದಲ್ಲಿದ್ದ ಎಂ. ಸಿ. ಚಾಂಗ್ ಮತ್ತು ಆಸ್ಟ್ರೇಲಿಯಾದ ಸಿ. ಆರ್. ಆಸ್ಟಿನ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಂದೇ ವಿಷಯ ಕಂಡುಹಿಡಿದರು. ಹೊಸದಾಗಿ ಬಂದ ವೀರ್ಯಾಣು, ಎಷ್ಟೇ ಜೋರಾಗಿ ಓಡಲಿ, ಅಂಡವನ್ನು ಹೊಕ್ಕಲಾರದು. ಹೆಣ್ಣಿನ ದೇಹದೊಳಗೆ ಕೆಲವು ಗಂಟೆ ಕಳೆದ ಮೇಲಷ್ಟೇ ಅದಕ್ಕೆ ಆ ಯೋಗ್ಯತೆ ಬರುತ್ತದೆ. 1957ರಲ್ಲಿ ಚಾಂಗ್ ಇನ್ನೊಂದು ಪ್ರಯೋಗ ಮಾಡಿದರು. ಹಾಗೆ ಯೋಗ್ಯತೆ ಬಂದ ಮೊಲದ ವೀರ್ಯಾಣುಗಳನ್ನು ಮತ್ತೆ ವೀರ್ಯದ ದ್ರವಕ್ಕೆ ಹಾಕಿದರು. ಬಂದ ಯೋಗ್ಯತೆ ಹೋಯಿತು! ಅಂದರೆ ಮೈಮೇಲೆ ಏನೋ ಅಂಟುತ್ತದೆ, ಏನೋ ಕಳಚುತ್ತದೆ ಅಂತ ಆಯ್ತಲ್ವಾ?

ಆ 'ಏನೋ' ಯಾವುದೆಂದು ಹುಡುಕಲು ಸಹಾಯ ಮಾಡಿದ್ದು ನಮ್ಮ ಅಡುಗೆಮನೆಯಲ್ಲೂ ಇರುವ ಪದಾರ್ಥಗಳು. ನೆಲಗಡಲೆ, ಗೋಧಿಯ ಮೊಳಕೆ, ಹಲಸಿನ ಬೀಜ, ಅಣಬೆಗಳಲ್ಲಿ ಲೆಕ್ಟಿನ್ ಎಂಬ ಪ್ರೋಟೀನುಗಳಿವೆ. ಒಂದೊಂದು ಲೆಕ್ಟಿನ್ ಒಂದೊಂದು ಬಗೆಯ ಸಕ್ಕರೆಯನ್ನು ಮಾತ್ರ ಹಿಡಿಯುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿದರೆ ಆಯ್ತು, ಯಾವ ಸಕ್ಕರೆ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ.

ಹೀಗೆ ತಿಳಿದದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಹೊದಿಕೆ ಬೆಳೆಯುವ ರೀತಿ. ವೃಷಣದಿಂದ ಹೊರಟ ವೀರ್ಯಾಣುವಿಗೆ ಸರಿಯಾಗಿ ಈಜಲೂ ಬರುವುದಿಲ್ಲ. ಪಕ್ಕದಲ್ಲೇ ಎಪಿಡಿಡಿಮಿಸ್ ಎಂಬ ಸುರುಳಿ ನಾಳವಿದೆ, ಮನುಷ್ಯರಲ್ಲಿ ಬಿಚ್ಚಿದರೆ ಸುಮಾರು 6 ಮೀಟರ್. ಅದನ್ನು ದಾಟಲು ದಿನಗಟ್ಟಲೆ ಬೇಕು. ವೀರ್ಯಾಣು ತಾನಾಗಿ ಹೊಸ ಪ್ರೋಟೀನು ಮಾಡಿಕೊಳ್ಳಲಾರದು, ಅದರ ಜೀನುಗಳು ಮುಚ್ಚಿಟ್ಟ ಗಂಟಿನ ಹಾಗೆ. ಆದ್ದರಿಂದ ಆ ನಾಳವೇ ದಾರಿಯುದ್ದಕ್ಕೂ ಅದಕ್ಕೆ ಒಂದೊಂದೇ ಪದರ ಹೊದಿಸುತ್ತದೆ. ಹೊದಿಕೆಯ ತುದಿತುದಿಗೆ ಸಿಯಾಲಿಕ್ ಆಸಿಡ್ ಎಂಬ ಸಕ್ಕರೆ ಕೂರುತ್ತದೆ. ಅದಕ್ಕೆ ಋಣ ವಿದ್ಯುತ್ತಿನ ಗುಣವಿದೆ. ವೀರ್ಯಾಣುಗಳು ಒಂದಕ್ಕೊಂದು ಅಂಟಿಕೊಳ್ಳದೆ ದೂರ ಸರಿಯುತ್ತವೆ, ಲೋಳೆಯಲ್ಲೂ ಸಿಕ್ಕಿಬೀಳದೆ ಜಾರುತ್ತವೆ. ಗರ್ಭಕೋಶದಲ್ಲಿ ಹೊರಗಿನದ್ದೇನು ಬಂದರೂ ಬಿಳಿ ರಕ್ತಕಣಗಳು ಮುತ್ತಿಕೊಳ್ಳುತ್ತವೆ. ಅವುಗಳಿಂದ ತಪ್ಪಿಸಿಕೊಳ್ಳಲೂ ಇದೇ ಹೊದಿಕೆ ಆಸರೆ.

ಹೊದಿಕೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2011ರಲ್ಲಿ ಸಾಕ್ಷಿ ಸಿಕ್ಕಿತು. ಡಿಫೆನ್ಸಿನ್ 126 ಎಂಬ ಪ್ರೋಟೀನು ಈ ಸಕ್ಕರೆಗಳನ್ನು ಹೊತ್ತು ವೀರ್ಯಾಣುವನ್ನು ಮುಚ್ಚುತ್ತದೆ. ಕೆಲವು ಗಂಡಸರಲ್ಲಿ ಅದರ ಜೀನಿನ ಎರಡೂ ಪ್ರತಿ ಕೆಟ್ಟಿರುತ್ತವೆ. ಅಂಥವರ ವೀರ್ಯಾಣುಗಳ ಸಂಖ್ಯೆ ಸರಿ, ಆಕಾರ ಸರಿ, ಓಟವೂ ಸರಿ. ಆದರೆ ಲೋಳೆಯ ಬದಲಿಗೆ ಇಟ್ಟ ಜೆಲ್ ಒಳಗೆ ನುಗ್ಗುವುದು ಉಳಿದವರಿಗಿಂತ ಶೇ. 84ರಷ್ಟು ಕಡಿಮೆ. ಚೀನಾದ ದಂಪತಿಗಳಲ್ಲಿ ನೋಡಿದಾಗ ಇಂಥವರ ಮನೆಯಲ್ಲಿ ಮಗುವಾಗಲು ಹೆಚ್ಚು ಕಾಲ ಹಿಡಿದಿತ್ತು. ರಿಪೋರ್ಟಿನಲ್ಲಿ ಎಲ್ಲ ನಾರ್ಮಲ್ ಇದ್ದರೂ ಮಕ್ಕಳಾಗದೆ, ಕೊನೆಗೆ ಹೆಂಡತಿಯೇ ಮಾತು ಕೇಳಿಸಿಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅವರಿಗೆ ಈ ವಿಷಯ ಗೊತ್ತಾಗಬೇಕು ಅಂತ ನನಗೆ ತುಂಬ ಅನಿಸುತ್ತದೆ. ಕೋಣಗಳ ವೀರ್ಯದಲ್ಲಿ ಇದೇ ಗುಂಪಿನ ಪ್ರೋಟೀನುಗಳನ್ನು ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯವರೂ ನೋಡಿದ್ದಾರೆ.

ಇಷ್ಟು ಕಷ್ಟಪಟ್ಟು ಹೊದ್ದುಕೊಂಡದ್ದನ್ನು ಮುಂದೆ ಕಳಚಲೂ ಬೇಕು. ದನದಲ್ಲಿ ಅಂಡ ಬಿಡುಗಡೆಯಾಗುವುದು ಬೆದೆ ಮುಗಿದು 10-12 ಗಂಟೆಯ ಮೇಲೆ. ಅಲ್ಲಿಯವರೆಗೆ ವೀರ್ಯಾಣುಗಳು ಅಂಡನಾಳದ ಗೋಡೆಯಲ್ಲಿರುವ ಫ್ಯೂಕೋಸ್ ಎಂಬ ಸಕ್ಕರೆಯನ್ನು ಹಿಡಿದುಕೊಂಡು ಸುಮ್ನೆ ಕಾಯುತ್ತವೆ. ಹಾಗೆ ಹಿಡಿದುಕೊಂಡವೇ ಜಾಸ್ತಿ ಹೊತ್ತು ಬದುಕುತ್ತವೆ. ಹೊತ್ತು ಬಂದಾಗ ಸಿಯಾಲಿಕ್ ಆಸಿಡ್ ಉದುರುತ್ತದೆ, ಹೊರಗಿನ ಪದರ ಕಳಚುತ್ತದೆ, ಬಾಲದ ಬಡಿತ ಜೋರಾಗುತ್ತದೆ, ಹಿಡಿತ ಬಿಟ್ಟು ಅಂಡದ ಕಡೆ ಹೊರಡುತ್ತವೆ.

ಹೆಪ್ಪುಗಟ್ಟಿಸಿ ಕರಗಿಸಿದ ವೀರ್ಯಾಣುಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ಎಷ್ಟೋ ಅಲ್ಲೇ ಸಾಯುತ್ತವೆ, ಉಳಿದವುಗಳ ಹೊದಿಕೆಯೂ ಹಾಳಾಗಿರುತ್ತದೆ. ಕಾಯುವ ಮೊದಲೇ ಅವು ಕಳಚಿಕೊಂಡ ಸ್ಥಿತಿಯಲ್ಲಿರುತ್ತವೆ, ಹೆಚ್ಚು ಹೊತ್ತು ಬಾಳುವುದಿಲ್ಲ. ಬೆಳಗ್ಗೆ ಕಂಡರೆ ಸಂಜೆ ಅನ್ನುವ ಲೆಕ್ಕ ಅಷ್ಟು ಬಿಗಿಯಾಗಿರುವುದು ಇದಕ್ಕೇ. ಗೌರಿಗೆ ಎರಡನೇ ಸಲ ಲೋಳೆ ಕಂಡ ಮರುದಿನ ಹರತಾಳ. ಸ್ಟ್ರಾ ನಮ್ಮ ಹಟ್ಟಿಗೆ ಬಂದು ಮುಟ್ಟುವಾಗ ಒಂದೂವರೆ ದಿನ ಕಳೆದಿತ್ತು.