ಹಿಮದ ಗೂಡಿನಲ್ಲಿ ಚಳಿಗಿಂತ ಗಾಳಿಯದ್ದೇ ಚಿಂತೆ

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. 15 ಡಿಗ್ರಿಗೇ ಮಂಕಿ ಕ್ಯಾಪ್ ಹುಡುಕುವ ಊರು ನಮ್ಮದು. ಆದರೂ ಡಿಸೆಂಬರ್ ಬಂತೆಂದರೆ ಇಲ್ಲಿಂದ ಎಷ್ಟೋ ಜನ ಉತ್ತರಾಖಂಡದ ಕೇದಾರಕಂಠ ಹತ್ತಲು ಹೊರಡುತ್ತಾರೆ. ಅಂಥ ಕಡೆ ಟೆಂಟ್ ಹಾರಿಹೋದರೆ? ಹಿಮವನ್ನೇ ಕೊರೆದು ಒಳಗೆ ಮಲಗಬಹುದು. ತಮಾಷೆಯಲ್ಲ.

ಹೊಸದಾಗಿ ಬಿದ್ದ ಹಿಮದಲ್ಲಿ ಶೇಕಡ 90ರಷ್ಟು ಬರೀ ಗಾಳಿ. ಕಂಬಳಿಯ ಹಾಗೆಯೇ, ಅಲುಗಾಡದೆ ಸಿಕ್ಕಿಬಿದ್ದ ಆ ಗಾಳಿ ಶಾಖವನ್ನು ಸುಲಭಕ್ಕೆ ದಾಟಗೊಡುವುದಿಲ್ಲ. ಸುಮ್ನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಬರುತ್ತೆ. ಹೊರಗೆ ಮೈನಸ್ 20 ಇದ್ದರೂ ಒಳಗೆ ಸೊನ್ನೆಯ ಆಸುಪಾಸು ಇರಲು ಅಷ್ಟು ಸಾಕು. ಬೀಸುಗಾಳಿ ಇಲ್ಲದ ಸೊನ್ನೆ ಅದು, ಒಳ್ಳೆ ಸ್ಲೀಪಿಂಗ್ ಬ್ಯಾಗ್ ಇದ್ದರೆ ನಿದ್ದೆಯೂ ಬರುತ್ತೆ.

ಹಿಮದ ಇಟ್ಟಿಗೆ ಜೋಡಿಸಿ ಇಗ್ಲೂ ಕಟ್ಟೋದು ಪಳಗಿದ ಕೈಯ ಕೆಲಸ. ಹೊಸಬರಿಗೆ ಕ್ವಿನ್ಜಿ, ಅಂದರೆ ಹಿಮದ ಗುಡ್ಡೆಯನ್ನೇ ಕೊರೆದು ಮಾಡುವ ಗೂಡು, ಸುಲಭ. ಹಿಮವನ್ನು ಆಳೆತ್ತರ ಗುಡ್ಡೆ ಹಾಕಿ, ಒಂದೆರಡು ಗಂಟೆ ಮುಟ್ಟದೆ ಬಿಡಬೇಕು. ಸಲಿಕೆಯ ಏಟಿಗೆ ಮುರಿದ ಹಿಮದ ಕಣಗಳು ಒಂದಕ್ಕೊಂದು ತಾಗಿರುವ ಕಡೆ ನೀರಿನ ಆವಿ ಹೆಪ್ಪುಗಟ್ಟಿ ಸಣ್ಣ ಸಣ್ಣ ಬೆಸುಗೆ ಬೀಳುತ್ತಾ ಹೋಗುತ್ತೆ, ಪುಡಿಪುಡಿಯಾಗಿದ್ದ ಗುಡ್ಡೆ ಗಟ್ಟಿಯಾಗುತ್ತೆ. ಆಮೇಲೆ ಒಂದಡಿ ಉದ್ದದ ಕಡ್ಡಿಗಳನ್ನು ಹೊರಗಿನಿಂದ ಸುತ್ತಲೂ ಚುಚ್ಚಿ, ಒಳಗಿನಿಂದ ಕೊರೆಯುತ್ತಾ ಬರಬೇಕು. ಕಡ್ಡಿಯ ತುದಿ ಕಂಡಿತೋ, ಅಲ್ಲಿಗೆ ನಿಲ್ಲಿಸಬೇಕು. ಗೋಡೆಯ ದಪ್ಪ ಸರಿಯಾಗಿದೆ ಅಂತ ಅರ್ಥ. ತಣ್ಣನೆ ಗಾಳಿ ಭಾರ, ಕೆಳಕ್ಕಿಳಿಯುತ್ತೆ. ಅದಕ್ಕೇ ಬಾಗಿಲು ತಗ್ಗಿನಲ್ಲಿ, ಮಲಗುವ ಕಟ್ಟೆ ಎತ್ತರದಲ್ಲಿ. ಒಳಚಾವಣಿಯನ್ನು ಕೈಯಿಂದ ನುಣ್ಣಗೆ ಸವರದಿದ್ದರೆ ರಾತ್ರಿಯಿಡೀ ಮೂಗಿನ ಮೇಲೆ ತೊಟತೊಟ. ಕೊರೆಯುವಾಗ ಜಾಕೆಟ್ ಬಿಚ್ಚಿಡಿ, ಬೆವರಿಗೆ ಬಟ್ಟೆ ಒದ್ದೆಯಾದರೆ ಆಮೇಲೆ ನಡುಕ ತಪ್ಪಿದ್ದಲ್ಲ.

ಜಾಗ ಮಾತ್ರ ಇಳಿಜಾರಿನ ಬುಡದಲ್ಲಿ ಬೇಡವೇ ಬೇಡ. 2016ರಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಆರು ದಿನ ಹೂತುಹೋಗಿ ಜೀವಂತವಾಗಿ ಸಿಕ್ಕ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರನ್ನು ಮರೆತವರಿಲ್ಲ. ಅವರೂ ಕೊನೆಗೆ ಉಳಿಯಲಿಲ್ಲ.

ಇನ್ನು ಮುಖ್ಯ ಮಾತು. ನಮ್ಮ ಉಸಿರಿನ ತೇವ ಗೂಡಿನ ಒಳಗೋಡೆಗೆ ಮಂಜುಗಡ್ಡೆಯ ಲೇಪ ಹಚ್ಚುತ್ತೆ, ಹಿಮದ ಸಂದುಗಳಲ್ಲಿ ಆಡುತ್ತಿದ್ದ ಗಾಳಿ ಕಮ್ಮಿಯಾಗುತ್ತೆ. ಅದರಲ್ಲಿ ಸ್ಟೌ ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್. ಕಿಟಕಿ ಮುಚ್ಚಿದ ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ನಮ್ಮೂರಲ್ಲೇ ಜನ ಸತ್ತ ಸುದ್ದಿ ಓದಿರ್ತೀರಿ, ಅಲ್ವಾ? ಅದೇ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟುತ್ತೆ. ಹಾಗಾಗಿ ಅಡುಗೆ ಹೊರಗೇ ಇರಲಿ. ಚಾವಣಿಯಲ್ಲಿ ಮುಷ್ಟಿ ಗಾತ್ರದ ಕಿಂಡಿ ಕೊರೆದು, ಅದರಲ್ಲೊಂದು ಕೋಲು ಸಿಕ್ಕಿಸಿ, ಎಚ್ಚರವಾದಾಗಲೆಲ್ಲ ಅಲ್ಲಾಡಿಸುತ್ತಿರಬೇಕು. ಸಲಿಕೆಯನ್ನು ಹೊರಗೆ ಬಿಡಬೇಡಿ. ರಾತ್ರಿ ಹಿಮ ಸುರಿದು ಬಾಗಿಲು ಮುಚ್ಚಿದರೆ ಒಳಗಿನಿಂದಲೇ ಅಗೆದುಕೊಂಡು ಬರಬೇಕು.